ಕಡಲು ಏರುವ ಮೊದಲು

ಬಿರುಗಾಳಿ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮುರಿದು ಬಿದ್ದ ತೆಂಗಿನಮರ, ಹಾರಿಹೋದ ಶೀಟಿನ ಮಾಡು, ತುಂಡಾದ ಕರೆಂಟು ತಂತಿ. ಇವೆಲ್ಲ ಗಾಳಿಯ ಕೆಲಸ. ನೀರಿನ ವಿಷಯ ಹಾಗಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲು, ಕಾಸರಗೋಡು ಎಂದು ಕಡಲ ಬದಿಯಲ್ಲೇ ಬೆಳೆದವರಿಗೆ ನೀರು ಹೊಸತಲ್ಲ. ಆದ್ದರಿಂದ ಅದರ ಹೆದರಿಕೆಯೂ ಕಡಿಮೆ. 'ಮೊಣಕಾಲುದ್ದ ನೀರು ತಾನೇ, ದಾಟಿ ಹೋಗೋಣ' ಎಂದು ಹೊರಟುಬಿಡುತ್ತೇವೆ. ಆ ಧೈರ್ಯ ಸರಿಯೇ ಎಂದು ಮೊದಲು ಲೆಕ್ಕ ಹಾಕಿ ನೋಡೋಣ. ಆಮೇಲೆ ನಮ್ಮ ನೆರೆಕರೆಯಲ್ಲಿ ಮಳೆಗಾಲಕ್ಕೆ ಮುಂಚೆ ಏನೇನು ಮಾಡಬಹುದು ಎಂದು ಮಾತಾಡೋಣ.

ಗಾಳಿ ಮತ್ತು ನೀರನ್ನು ತೂಗಿ ನೋಡಿದರೆ

ಚಲಿಸುವುದು ಗಾಳಿಯಾಗಲಿ ನೀರಾಗಲಿ, ಅದು ಎದುರಿಗೆ ಸಿಕ್ಕಿದ್ದರ ಮೇಲೆ ಹಾಕುವ ಒತ್ತಡವನ್ನು ಸುಮಾರಾಗಿ ಹೀಗೆ ತಿಳಿಯಬಹುದು: ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ. ಗಾಳಿಯ ಸಾಂದ್ರತೆ ಒಂದು ಘನ ಮೀಟರಿಗೆ ಸುಮಾರು 1.2 ಕಿಲೋಗ್ರಾಂ, ಅದರ ಅರ್ಧ 0.6. ಗಂಟೆಗೆ 90 ಕಿ.ಮೀ. ವೇಗದ ಗಾಳಿ ಎಂದರೆ ಸೆಕೆಂಡಿಗೆ 25 ಮೀಟರ್. 25ರ ವರ್ಗ 625. ಗುಣಿಸಿದರೆ 375, ಅಂದರೆ ಒಂದೊಂದು ಚದರ ಮೀಟರಿನ ಮೇಲೂ 375 ನ್ಯೂಟನ್ ಬಲ, ಹೆಚ್ಚುಕಡಿಮೆ 38 ಕಿಲೋ ಭಾರ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಶೀಟಿನ ಮಾಡಿನ ಅಡಿಗೆ ಇಂಥ ಗಾಳಿ ನುಗ್ಗಿದರೆ ಮೇಲಕ್ಕೆ ಎತ್ತುವ ಬಲ 4500 ನ್ಯೂಟನ್, ಸುಮಾರು 460 ಕಿಲೋ. ಮಾಡಿನ ಮೇಲೆ ಇಟ್ಟ ನಾಲ್ಕು ಮುರಕಲ್ಲು ಇದನ್ನು ತಡೆಯಲಾರವು. ಶೀಟಿನ ಜೊತೆ ಕಲ್ಲೂ ಹಾರುತ್ತದೆ, ಬೀಳುವುದು ಪಕ್ಕದವರ ಅಂಗಳಕ್ಕೆ. ಹಾಗಾಗಿ ಕಲ್ಲಿನ ಬದಲು ಪಕ್ಕಾಸಿಗೆ ಬಿಗಿದ ಕೊಕ್ಕೆ ಬೋಲ್ಟುಗಳನ್ನೇ ನಂಬಬೇಕು.

ಇಲ್ಲಿ ವೇಗದ ವರ್ಗ ಎಂಬುದು ಮುಖ್ಯ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. 'ಹೋದ ವರ್ಷದ ಗಾಳಿಗೆ ಏನೂ ಆಗಲಿಲ್ಲ' ಎನ್ನುವ ಮಾತು ಈ ವರ್ಷಕ್ಕೆ ಜಾಮೀನು ಕೊಡುವುದಿಲ್ಲ.

ಈಗ ನೀರಿಗೆ ಬನ್ನಿ. ಕಡಲ ನೀರಿನ ಸಾಂದ್ರತೆ ಘನ ಮೀಟರಿಗೆ ಸುಮಾರು 1025 ಕಿಲೋಗ್ರಾಂ, ಗಾಳಿಯ 850 ಪಟ್ಟು. ಸೆಕೆಂಡಿಗೆ ಒಂದೇ ಒಂದು ಮೀಟರ್ ವೇಗದಲ್ಲಿ, ಅಂದರೆ ನಾವು ಆರಾಮವಾಗಿ ನಡೆಯುವ ವೇಗದಲ್ಲಿ ಹರಿಯುವ ನೀರು ಚದರ ಮೀಟರಿಗೆ 512 ನ್ಯೂಟನ್ ಒತ್ತಡ ಹಾಕುತ್ತದೆ. ಅಷ್ಟೇ ಒತ್ತಡ ಹಾಕಬೇಕಾದರೆ ಗಾಳಿ ಗಂಟೆಗೆ 105 ಕಿ.ಮೀ. ವೇಗದಲ್ಲಿ ಬೀಸಬೇಕು! ಭಾರತೀಯ ಹವಾಮಾನ ಇಲಾಖೆಯ ಪಟ್ಟಿಯಲ್ಲಿ ಗಂಟೆಗೆ 62ರಿಂದ 88 ಕಿ.ಮೀ. ಗಾಳಿಯಿದ್ದರೆ ಚಂಡಮಾರುತ, 89ರಿಂದ 117ರವರೆಗೆ ತೀವ್ರ ಚಂಡಮಾರುತ. ತೀವ್ರ ಚಂಡಮಾರುತದ ಗಾಳಿಗೆ ಎದುರಾಗಿ ನಡೆದುಹೋಗು ಎಂದರೆ ಯಾರೂ ಹೋಗುವುದಿಲ್ಲ. ಮೆಲ್ಲಗೆ ಹರಿಯುವ ನೀರಿಗೆ ಮಾತ್ರ ಇಳಿದುಬಿಡುತ್ತೇವೆ. ಅದರಲ್ಲೂ ಕಾಲಡಿಯಲ್ಲಿ ಹೊಯ್ಗೆ ಇದ್ದರೆ ಕೇಳಬೇಡಿ. ಹಿಮ್ಮಡಿಯ ಸುತ್ತಲಿನ ಹೊಯ್ಗೆಯನ್ನು ನೀರೇ ಕೊರೆದು ಒಯ್ಯುತ್ತದೆ, ನಿಂತ ನೆಲವೇ ಜಾರುತ್ತದೆ.

ನಿಂತ ನೀರೂ ಸುಮ್ಮನಿರುವುದಿಲ್ಲ. ಒಂದು ಮೀಟರ್ ಅಗಲದ ಬಾಗಿಲಿನ ಹೊರಗೆ ಅರ್ಧ ಮೀಟರ್ ನೀರು ನಿಂತರೆ ಬಾಗಿಲ ಮೇಲೆ ಸುಮಾರು 128 ಕಿಲೋ ಭಾರ ಒರಗಿದಂತೆ. ಆಳ ಎರಡು ಪಟ್ಟಾದರೆ ಇದು ಕೂಡ ನಾಲ್ಕು ಪಟ್ಟು. ಹೊರಗೆ ತೆರೆಯುವ ಬಾಗಿಲಾದರೆ ಒಳಗಿರುವ ಅಜ್ಜಿಯೋ ಮಗುವೋ ಅದನ್ನು ದೂಡಿ ತೆರೆಯುವುದು ಹೇಗೆ? ನೀರು ಹೊಸ್ತಿಲು ಮುಟ್ಟುವ ಮೊದಲೇ ಹೊರಡಬೇಕು ಎನ್ನುವುದು ಈ ಕಾರಣಕ್ಕೆ.

ಗಾಳಿಯಿಲ್ಲದೆ ಬರುವ ಕಡಲು

2024ರ ಮಾರ್ಚ್ 31, ಈಸ್ಟರ್ ಭಾನುವಾರ. ತಿರುವನಂತಪುರ, ಕೊಲ್ಲಂ, ಆಲಪ್ಪುಳ, ತೃಶೂರಿನ ಕಡಲತೀರಗಳಲ್ಲಿ ಚಂಡಮಾರುತ ಇರಲಿಲ್ಲ, ಮಳೆಗಾಲವೂ ಅಲ್ಲ. ಆದರೂ ಕಡಲು ಏರಿ ಬಂದು ಮನೆಗಳಿಗೆ ನುಗ್ಗಿತು, ದೋಣಿಗಳು ಒಂದಕ್ಕೊಂದು ಬಡಿದು ಹಾಳಾದವು. ಮಲಯಾಳದಲ್ಲಿ ಇದಕ್ಕೆ 'ಕಳ್ಳಕ್ಕಡಲ್' ಎನ್ನುತ್ತಾರೆ. ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. ಮೀನುಗಾರರ ಬಾಯಲ್ಲಿದ್ದ ಈ ಹೆಸರನ್ನೇ 2012ರಲ್ಲಿ ಯುನೆಸ್ಕೊ ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ನಾಡಿನ ಮಾತು ಪ್ರಪಂಚದ ವಿಜ್ಞಾನಕ್ಕೆ ಹೋಗುವುದು ದಿನಾ ಆಗುವ ಸಂಗತಿಯಲ್ಲ, ಅಲ್ವಾ?

ಈ ಕಳ್ಳ ಎಲ್ಲಿಂದ ಬರುತ್ತಾನೆ? ದಕ್ಷಿಣ ಹಿಂದೂ ಮಹಾಸಾಗರದಿಂದ, ಅಂಟಾರ್ಕ್ಟಿಕಾದ ಕಡೆಯಿಂದ. ಅಲ್ಲಿ ದೊಡ್ಡ ಬಿರುಗಾಳಿ ಎದ್ದು ದಿನಗಟ್ಟಲೆ ಬೀಸಿದಾಗ ಉದ್ದುದ್ದನೆಯ ಅಲೆಗಳು ಹುಟ್ಟುತ್ತವೆ. ತರಂಗದ ಪಾಠ ನೆನಪು ಮಾಡಿಕೊಳ್ಳಿ. ಆಳವಾದ ಕಡಲಿನಲ್ಲಿ ಅಲೆಯ ತರಂಗದೂರ ತಿಳಿಯಬೇಕಾದರೆ ಅದರ ಆವರ್ತಕಾಲದ ವರ್ಗವನ್ನು 1.56ರಿಂದ ಗುಣಿಸಿದರೆ ಸಾಕು. ನಮ್ಮ ತೀರದ ಗಾಳಿಯಿಂದ ಏಳುವ, ಆರು ಸೆಕೆಂಡಿಗೊಮ್ಮೆ ಬರುವ ಅಲೆಗೆ ತರಂಗದೂರ ಸುಮಾರು 56 ಮೀಟರ್. ದಕ್ಷಿಣದಿಂದ ಬರುವ 18 ಸೆಕೆಂಡಿನ ಅಲೆಗೆ ಸುಮಾರು 505 ಮೀಟರ್. ಅರ್ಧ ಕಿಲೋಮೀಟರ್ ಉದ್ದದ ಒಂದು ಅಲೆ! ನಡುಗಡಲಿನಲ್ಲಿ ಅದರ ಎತ್ತರ ಕಡಿಮೆ, ದೋಣಿಯಲ್ಲಿ ಕೂತವರಿಗೆ ಗೊತ್ತೇ ಆಗದಿರಬಹುದು. ತೀರದ ಕಡಿಮೆ ಆಳಕ್ಕೆ ಬಂದಾಗ ಮುಂದಿನ ಭಾಗ ನಿಧಾನವಾಗುತ್ತದೆ, ಹಿಂದಿನದ್ದು ಒತ್ತಿಕೊಂಡು ಬರುತ್ತದೆ, ಅಲೆ ಎತ್ತರವಾಗುತ್ತದೆ. ಉದ್ದವಾದ ಅಲೆಯಾದ್ದರಿಂದ ಒಂದು ಸಲ ಮೇಲೆ ಬಂದ ನೀರು ಬೇಗ ಹಿಂದೆ ಹೋಗುವುದೂ ಇಲ್ಲ.

ಇಂಥ ಅಲೆಗಳ ಶಕ್ತಿ ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಸಾಗುತ್ತದೆ, ದಿನಕ್ಕೆ 1200 ಕಿ.ಮೀ. ಏಳು ಸಾವಿರ ಕಿ.ಮೀ. ದೂರದ ಬಿರುಗಾಳಿಯ ಅಲೆ ನಮ್ಮ ತೀರ ಮುಟ್ಟಲು ಐದಾರು ದಿನ ಬೇಕು. ಅಂದರೆ ಕಳ್ಳ ಹೊರಟ ಸುದ್ದಿ ನಮಗೆ ಮೊದಲೇ ಸಿಗಬಹುದು. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವಾ ಕೇಂದ್ರ, ಇನ್ಕಾಯಿಸ್, ಉಪಗ್ರಹ ಮತ್ತು ಕಡಲಲ್ಲಿ ತೇಲುವ ಬೋಯಾಗಳ ಮಾಹಿತಿಯಿಂದ ಲೆಕ್ಕ ಹಾಕಿ ಮುನ್ಸೂಚನೆ ಕೊಡುತ್ತದೆ. ಹಾಗಾಗಿ 'ಆಕಾಶ ಶುಭ್ರವಾಗಿದೆ, ಸುಮ್ಮನೆ ಹೆದರಿಸ್ತಾರೆ' ಎಂಬ ಮಾತು ಕೇಳಿದರೆ ಈ ಲೆಕ್ಕವನ್ನು ಹೇಳಿ. ಈ ಅಪಾಯಕ್ಕೂ ನಮ್ಮ ಆಕಾಶಕ್ಕೂ ಸಂಬಂಧವೇ ಇಲ್ಲ.

ದಡ ಮುಟ್ಟದ ಚಂಡಮಾರುತ

2021ರ ಮೇ ತಿಂಗಳ ತೌಕ್ತೆ ನಿಮ್ಮಲ್ಲಿ ದೊಡ್ಡವರಿಗೆ ನೆನಪಿರಬಹುದು. ಮ್ಯಾನ್ಮಾರ್ ಕೊಟ್ಟ ಹೆಸರು ಅದು, ಅರ್ಥ ಹಲ್ಲಿ. ಲಕ್ಷದ್ವೀಪದ ಬಳಿ ಬಲಗೊಂಡು ಕೇರಳ, ಕರ್ನಾಟಕ, ಗೋವಾ, ಮಹಾರಾಷ್ಟ್ರದ ಬದಿಯಲ್ಲೇ ಬಡಗಣಕ್ಕೆ ಸಾಗಿ ಮೇ 17ರ ರಾತ್ರಿ ಗುಜರಾತಿನಲ್ಲಿ ದಡ ಸೇರಿತು. ನಮ್ಮ ಜಿಲ್ಲೆಯನ್ನು ಅದರ ಕೇಂದ್ರ ಮುಟ್ಟಲೇ ಇಲ್ಲ. ಆದರೂ ಉಪ್ಪಳದ ಮುಸೋಡಿಯಲ್ಲಿ ಅಲೆಯ ಹೊಡೆತಕ್ಕೆ ಮನೆ ಕುಸಿದು ಬಿತ್ತು. ಗೋಡೆಗೆ ಅಲೆ ಬಡಿದದ್ದಕ್ಕಿಂತ ಹೆಚ್ಚು ಕೆಟ್ಟದ್ದು, ಪಂಚಾಂಗದ ಅಡಿಯ ಹೊಯ್ಗೆಯನ್ನು ಅಲೆ ಎಳೆದೊಯ್ಯುವುದು. ಅಡಿ ಖಾಲಿಯಾದ ಮೇಲೆ ಕಾಂಕ್ರೀಟ್ ಮನೆಯೂ ನಿಲ್ಲುವುದಿಲ್ಲ.

ಚಂಡಮಾರುತ ದೂರದಲ್ಲಿದ್ದರೂ ಕಡಲಮಟ್ಟ ಯಾಕೆ ಏರುತ್ತದೆ? ಎರಡು ಕಾರಣ. ಕೇಂದ್ರದಲ್ಲಿ ವಾಯುಭಾರ ಕುಸಿದಿರುತ್ತದೆ. ಒಂದು ಹೆಕ್ಟೋಪಾಸ್ಕಲ್ ಕಡಿಮೆಯಾದರೆ ನೀರು ಸುಮಾರು ಒಂದು ಸೆಂಟಿಮೀಟರ್ ಮೇಲೇಳುತ್ತದೆ. ಇದು ಸಣ್ಣ ಪಾಲು. ದೊಡ್ಡ ಪಾಲು ಗಾಳಿಯದ್ದು, ಅದು ನೀರನ್ನು ದಡಕ್ಕೆ ದೂಡಿ ರಾಶಿ ಹಾಕುತ್ತದೆ. ಇದರ ಮೇಲೆ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರ ಸೇರಿದರೆ ಕಷ್ಟ ಬೇರೆಯೇ ಮಟ್ಟಕ್ಕೆ ಹೋಗುತ್ತದೆ. ನಮ್ಮಲ್ಲಿ ಇನ್ನೂ ಒಂದು ಉಂಟು, ಅಳಿವೆಗಳು. ಉಪ್ಪಳ, ಶಿರಿಯ, ಮೊಗ್ರಾಲು, ಚಂದ್ರಗಿರಿ ಹೊಳೆಗಳ ಮಳೆನೀರು ಕಡಲಿಗೆ ಇಳಿಯಬೇಕು. ಕಡಲೇ ಎತ್ತರದಲ್ಲಿ ನಿಂತರೆ ಹೊಳೆನೀರು ಹಿಂದಕ್ಕೆ ತಿರುಗಿ ಗದ್ದೆ, ತೋಟ, ಅಂಗಳಕ್ಕೆ ಹರಡುತ್ತದೆ. ಕಡಲಿನಿಂದ ಎರಡು ಕಿ.ಮೀ. ಒಳಗಿದ್ದೇವೆ ಎಂದು ನಿಶ್ಚಿಂತೆಯಿಂದ ಇರುವವರ ಮನೆಗೆ ನೀರು ಬರುವುದು ಮುಂಬಾಗಿಲಿನಿಂದಲ್ಲ, ಹಿತ್ತಿಲಿನ ತೋಡಿನಿಂದ.

ಇನ್ನು 2017ರ ಓಖಿ. ನವೆಂಬರ್ ಕೊನೆಗೆ ಕನ್ಯಾಕುಮಾರಿಯ ಸಮೀಪ ಅದು ಬಹಳ ಬೇಗ ಚಂಡಮಾರುತವಾಯಿತು. ಆಗಲೇ ಹಲವು ದಿನದ ಮೀನುಗಾರಿಕೆಗೆ ಹೊರಟು ನಡುಗಡಲಿನಲ್ಲಿದ್ದವರಿಗೆ ಸುದ್ದಿ ತಲುಪಲಿಲ್ಲ. ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಮರಳಲಿಲ್ಲ. ವಿಜ್ಞಾನದ ಲೆಕ್ಕ ಎಷ್ಟೇ ಸರಿಯಿದ್ದರೂ ಅದು ತಲುಪಬೇಕಾದ ಮನುಷ್ಯನನ್ನು ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠಿಣ ಉದಾಹರಣೆ ಬೇಡ.

ಸುದ್ದಿ ಮಲಯಾಳದಲ್ಲಿ ಬಂದಾಗ

ತಲುಪುವುದು ಎಂದರೆ ಮೊಬೈಲಿಗೆ ಬರುವುದಷ್ಟೇ ಅಲ್ಲ, ಅರ್ಥವಾಗುವುದು. ನಮ್ಮ ಜಿಲ್ಲೆಯಲ್ಲಿ ಎಚ್ಚರಿಕೆಗಳು ಹೆಚ್ಚಾಗಿ ಬರುವುದು ಮಲಯಾಳದಲ್ಲಿ. ಮನೆಯಲ್ಲಿ ತುಳು, ಕನ್ನಡ, ಕೊಂಕಣಿ ಆಡುವ, ಮಲಯಾಳ ಓದಲು ಬಾರದ ಅಜ್ಜ ಅಜ್ಜಿಯರು ಎಷ್ಟು ಜನ ಇಲ್ಲ? ಈ ಕೆಲಸಕ್ಕೆ ನಿಮ್ಮಷ್ಟು ಯೋಗ್ಯರು ಬೇರೆ ಯಾರೂ ಇಲ್ಲ. ನೀವು ಎರಡೂ ಬದಿಯ ಮಾತು ಬಲ್ಲವರು.

'ಮುನ್ನರಿಯಿಪ್ಪ್' ಎಂದರೆ ಮುನ್ನೆಚ್ಚರಿಕೆ. 'ಚುಳಲಿಕ್ಕಾಟ್' ಚಂಡಮಾರುತ, 'ಕಡಲಾಕ್ರಮಣಂ' ನಾವು ಕಡಲ್ಕೊರೆತ ಎನ್ನುವುದು, 'ಉಯರ್ನ್ನ ತಿರಮಾಲ' ಎಂದರೆ ಎತ್ತರದ ಅಲೆ. ಮಳೆಯ ಮಾತಿನಲ್ಲಿ ಮೂರು ಮೆಟ್ಟಿಲುಗಳಿವೆ, ಇಲ್ಲಿ ಗಡಿಬಿಡಿ ಮಾಡಬೇಡಿ. 'ಶಕ್ತಮಾಯ' ಮಳೆ ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. 'ಅತಿಶಕ್ತಮಾಯ' ಎಂದರೆ 115.6ರಿಂದ 204.4 ಮಿ.ಮೀ. 'ಅತಿತೀವ್ರ' ಎಂದರೆ ಅದಕ್ಕಿಂತಲೂ ಮೇಲೆ. ಕ್ರಮವಾಗಿ ಹಳದಿ, ಕಿತ್ತಳೆ, ಕೆಂಪು. ಹಳದಿ ಕಂಡರೆ ಸುದ್ದಿಯ ಮೇಲೆ ಕಣ್ಣಿಡಿ, ಕಿತ್ತಳೆ ಕಂಡರೆ ಹೊರಡಲು ಸಿದ್ಧರಾಗಿ, ಕೆಂಪು ಕಂಡರೆ ಹೇಳಿದ ಹಾಗೆ ಮಾಡಿ. ಕೆಂಪು ಎಂದರೆ ಶಾಲೆಗೆ ರಜೆ ಎಂದಷ್ಟೇ ಓದುವವರು ನಿಮ್ಮಲ್ಲಿ ಕಡಿಮೆಯೇನಿಲ್ಲ, ನನಗೆ ಗೊತ್ತು. ರಜೆ ಕೊಡುವುದು ಮನೆಯೊಳಗೆ ಇರಲಿ ಎಂದು, ಕಡಲು ನೋಡಲು ಹೋಗಲಿ ಎಂದಲ್ಲ.

204 ಮಿ.ಮೀ. ಮಳೆ ಎಷ್ಟು ಎಂಬುದು ಸುಲಭದಲ್ಲಿ ಮನಸ್ಸಿಗೆ ಬರುವುದಿಲ್ಲ. ಹತ್ತು ಸೆಂಟ್ಸ್ ಜಾಗ ಎಂದರೆ ಸುಮಾರು 405 ಚದರ ಮೀಟರ್. ಅದರ ಮೇಲೆ ಅಷ್ಟು ಮಳೆ ಬಿದ್ದರೆ ಸುಮಾರು 82,700 ಲೀಟರ್, ಸಾವಿರ ಲೀಟರಿನ ಕಪ್ಪು ಟ್ಯಾಂಕು 82 ತುಂಬಿ ಮಿಗುತ್ತದೆ. ಒಂದು ಮನೆಯ ಜಾಗದಲ್ಲಿ ಇಷ್ಟು. ತೋಡಿಗೆ ಪ್ಲಾಸ್ಟಿಕ್ ತುಂಬಿಸಿಟ್ಟರೆ ಈ ನೀರು ಎಲ್ಲಿಗೆ ಹೋಗಬೇಕು?

ಸುದ್ದಿ ಹೇಳುವ ರೀತಿಯೂ ಮುಖ್ಯ. 'ಆರೆಂಜ್ ಅಲರ್ಟ್ ಉಂಟಂತೆ' ಎಂದರೆ ಪಕ್ಕದ ಮನೆಯ ಅಜ್ಜಿ 'ಹೌದಾ' ಎಂದು ಎಲೆ ಹಾಕಿಕೊಳ್ಳುತ್ತಾರೆ ಅಷ್ಟೆ. ಹೀಗೆ ಹೇಳಿ: 'ಅಜ್ಜೀ, ನಾಳೆ ಉಬ್ಬರದ ಹೊತ್ತಿಗೆ ನೀರು ಅಂಗಳಕ್ಕೆ ಬರಬಹುದು. ಕತ್ತಲಾಗುವ ಮೊದಲು ನಿಮ್ಮ ಮದ್ದು, ರೇಶನ್ ಕಾರ್ಡು ಹಿಡ್ಕೊಂಡು ನಮ್ಮಲ್ಲಿಗೆ ಬನ್ನಿ. ದನವನ್ನು ಅಣ್ಣ ಹೊಡ್ಕೊಂಡು ಬರ್ತಾನೆ.' ಯಾವಾಗ, ಏನು, ಎಲ್ಲಿಗೆ, ದನದ ಗತಿ ಏನು, ನಾಲ್ಕೂ ಅದರಲ್ಲಿ ಬಂತು. ದನದ ಮಾತು ಬಿಟ್ಟರೆ ಅಜ್ಜಿ ಹೊರಡುವುದೇ ಇಲ್ಲ.

ನೆರೆಕರೆಯ ನಕ್ಷೆ

ಏಪ್ರಿಲ್ ಮೇ ರಜೆಯಲ್ಲಿ ಮಾಡಬಹುದಾದ ಕೆಲಸ ಇದು. ನಿಮ್ಮ ಮನೆಯ ಸುತ್ತಲಿನ ಇಪ್ಪತ್ತು ಮನೆಗಳ ನಕ್ಷೆ ಬರೆಯಿರಿ. ಕಡಲು, ಹೊಳೆ, ತೋಡು, ರಸ್ತೆ, ಟ್ರಾನ್ಸ್‌ಫಾರ್ಮರ್ ಗುರುತಿಸಿ. ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹಿರಿಯರಲ್ಲಿ ಕೇಳಿ ಒಂದು ನೀಲಿ ಗೆರೆ ಎಳೆಯಿರಿ. ಹಿರಿಯರ ನೆನಪು ಇಲ್ಲಿ ಬಹಳ ಉಪಕಾರಿ, ಆದರೆ ಅದೇ ಕೊನೆಯ ಮಾತಲ್ಲ. ತೀರ ಸವೆದು ಹತ್ತಿರ ಬಂದಿದ್ದರೆ ಹಳೆಯ ಗೆರೆ ಇಂದಿಗೆ ಸಾಲದು.

ಒಂಟಿಯಾಗಿರುವವರು, ಹಾಸಿಗೆ ಹಿಡಿದವರು, ಗರ್ಭಿಣಿಯರು, ಡಯಾಲಿಸಿಸಿಗೆ ಹೋಗುವವರು ಯಾವ ಮನೆಯಲ್ಲಿದ್ದಾರೆ, ಅವರನ್ನು ಎತ್ತಿ ಕರೆದೊಯ್ಯಲು ಯಾರು ಬರುತ್ತಾರೆ, ಯಾರ ಆಟೋ ಇದೆ ಎಂದು ಮನೆಯವರ ಒಪ್ಪಿಗೆ ಪಡೆದು ಬರೆದುಕೊಳ್ಳಿ. ಇದನ್ನು ಊರಿಗೆಲ್ಲ ಫಾರ್ವರ್ಡ್ ಮಾಡುವುದಲ್ಲ. ಒಂದು ಪ್ರತಿ ವಾರ್ಡ್ ಸದಸ್ಯರಿಗೆ, ಒಂದು ಆಶಾ ಕಾರ್ಯಕರ್ತೆಗೆ ಕೊಡಿ. ಜನರನ್ನು ಸ್ಥಳಾಂತರಿಸುವ ಶಿಬಿರ ಹೆಚ್ಚಾಗಿ ಶಾಲೆಯಲ್ಲೇ ಇರುತ್ತದೆ. ಅಲ್ಲಿಗೆ ಹೋಗುವ ದಾರಿ ತೋಡು ದಾಟುತ್ತದೆಯೇ ಎಂದು ನಡೆದು ನೋಡಿ. ದಾಟುವುದಾದರೆ ದೂರವಾದರೂ ಇನ್ನೊಂದು ದಾರಿ ಗುರುತಿಸಿಡಿ. ಗಾಳಿಮಳೆ ಶುರುವಾದ ಮೇಲೆ ನಿಮ್ಮ ಓಡಾಟ ಮುಗಿಯಿತು. ಆಮೇಲಿನದ್ದು ದೊಡ್ಡವರ, ಅಗ್ನಿಶಾಮಕ ದಳದವರ ಕೆಲಸ.

ಕಡಲಿಗೆ ಕಲ್ಲು ಹಾಕಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಕಲ್ಲಿನ ತಡೆಗೋಡೆ ಅದರ ಹಿಂದಿನ ಮನೆಯನ್ನು ಸ್ವಲ್ಪ ಕಾಲ ಕಾಯಬಹುದು. ಆದರೆ ಅಲೆ ಗೋಡೆಗೆ ಬಡಿದು ಹಿಂತಿರುಗುವಾಗ ಬುಡದ ಹೊಯ್ಗೆಯನ್ನು ಕೊರೆಯುತ್ತದೆ. ಗೋಡೆ ಮುಗಿಯುವ ತುದಿಯಲ್ಲಂತೂ ಕೊರೆತ ಇನ್ನೂ ಜೋರು. ಒಬ್ಬರ ಅಂಗಳ ಉಳಿಸಲು ಹೋಗಿ ಪಕ್ಕದವರ ಅಂಗಳ ಕೊಟ್ಟಂತೆ. ಅಳಿವೆಯ ಬದಿಯ ಕಾಂಡ್ಲಾ ಗಿಡಗಳು, ತೀರದ ಹೊಯ್ಗೆ ದಿಬ್ಬ, ಅದರ ಮೇಲಿನ ಬಳ್ಳಿಗಳು ಅಲೆಯ ಶಕ್ತಿಯನ್ನು ಹೀರಿಕೊಳ್ಳುತ್ತವೆ. ಇವನ್ನು ಕಡಿದು, ಹೊಯ್ಗೆ ತೆಗೆದು, ಆಮೇಲೆ ಗೋಡೆ ಕೇಳುವುದು ನನ್ನ ಮಟ್ಟಿಗೆ ಬುದ್ಧಿವಂತಿಕೆಯಲ್ಲ.

ಮನೆಯೊಳಗೆ

ಕಿತ್ತಳೆ ಎಚ್ಚರಿಕೆ ಬಂದ ಕೂಡಲೇ ಕುಡಿಯುವ ನೀರು ತುಂಬಿಸಿ ಮುಚ್ಚಿಡಿ. ಕಡಲ ನೀರು ಬಾವಿಗೆ ಇಳಿದರೆ ಬ್ಲೀಚಿಂಗ್ ಪೌಡರ್ ಹಾಕಿ ಪ್ರಯೋಜನವಿಲ್ಲ. ಅದು ರೋಗಾಣುಗಳನ್ನು ಕೊಲ್ಲುತ್ತದೆ, ಉಪ್ಪನ್ನು ತೆಗೆಯುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಉಪ್ಪಿನ ಪ್ರಮಾಣ ಇನ್ನೂ ಹೆಚ್ಚುತ್ತದೆ, ಅಷ್ಟೆ. ಆಧಾರ್, ರೇಶನ್ ಕಾರ್ಡು, ನಿಮ್ಮ ಅಂಕಪಟ್ಟಿ, ಮದ್ದಿನ ಚೀಟಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಿ. ಟಾರ್ಚು, ಚಾರ್ಜು ಮಾಡಿದ ಮೊಬೈಲು ಕೈಗೆ ಸಿಗುವಲ್ಲಿರಲಿ. ಹಟ್ಟಿಯ ದನಗಳನ್ನು ಕಟ್ಟಿ ಬಿಟ್ಟು ಹೋಗಬೇಡಿ. ಕರೆದೊಯ್ಯಲಾಗದಿದ್ದರೆ ಹಗ್ಗ ಬಿಚ್ಚಿಬಿಡಿ.

ವಿದ್ಯುತ್ತಿನ ವಿಷಯದಲ್ಲಿ ಒಂದಿಷ್ಟು ಹೆಚ್ಚು ಗಮನ ಬೇಕು. ಉಪ್ಪುನೀರಿನಲ್ಲಿ ಅಯಾನುಗಳು ಧಾರಾಳ ಇರುವುದರಿಂದ ಅದು ಬಾವಿನೀರಿಗಿಂತ ಎಷ್ಟೋ ಚೆನ್ನಾಗಿ ವಿದ್ಯುತ್ತನ್ನು ಹರಿಸುತ್ತದೆ. ಆದ್ದರಿಂದ ನೀರು ಒಳಗೆ ಬರುವ ಮೊದಲೇ, ಒಣಗಿದ ಕೈಯಲ್ಲಿ, ದೊಡ್ಡವರು ಮೈನ್ ಸ್ವಿಚ್ ಆರಿಸಲಿ. ನೀರಲ್ಲಿ ನಿಂತುಕೊಂಡು ಆ ಕೆಲಸ ಬೇಡ. ಬಿದ್ದ ತಂತಿಯ ಸುತ್ತ ಒದ್ದೆ ನೆಲದಲ್ಲೂ ವೋಲ್ಟೇಜು ಹರಡಿರುತ್ತದೆ. ದೊಡ್ಡ ಹೆಜ್ಜೆ ಇಟ್ಟರೆ ಎರಡು ಪಾದಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಉಂಟಾಗಿ ಕರೆಂಟು ದೇಹದೊಳಗೆ ಹಾದುಹೋಗುತ್ತದೆ. ಹತ್ತಿರ ಸಿಕ್ಕಿಕೊಂಡರೆ ಪಾದಗಳನ್ನು ಜೋಡಿಸಿ, ನೆಲದಿಂದ ಎತ್ತದೆ, ಇಂಚಿಂಚಾಗಿ ಸರಿಸುತ್ತಾ ದೂರ ಬನ್ನಿ. ಆಮೇಲೆ ಕೆ.ಎಸ್.ಇ.ಬಿ.ಯ 1912ಕ್ಕೆ ಕರೆ ಮಾಡಿ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ಯಾವುದೇ ತುರ್ತಿಗೆ 112. ಈ ಮೂರು ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

ಮಾಡಿ ನೋಡಿ

1. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಪಾತ್ರೆಯನ್ನು ತೆರೆದ ಅಂಗಳದಲ್ಲಿಟ್ಟು ಪ್ರತಿದಿನ ಬೆಳಿಗ್ಗೆ 8.30ಕ್ಕೆ ಸ್ಕೇಲಿನಲ್ಲಿ ನೀರಿನ ಎತ್ತರ ಅಳೆಯಿರಿ. ಜೂನ್ ತಿಂಗಳಿಡೀ ಬರೆದಿಟ್ಟು, ಹಳದಿ, ಕಿತ್ತಳೆ, ಕೆಂಪು ಎಂದು ಎಷ್ಟು ದಿನಗಳನ್ನು ಗುರುತಿಸಬಹುದು ನೋಡಿ. ಪಾತ್ರೆಯ ಅಗಲ ಎಷ್ಟಿದ್ದರೂ ಅಳತೆ ಒಂದೇ ಬರುತ್ತದೆ. ಯಾಕೆ?

2. ಕಡಲು ಶಾಂತವಾಗಿರುವ ದಿನ, ಮನೆಯ ದೊಡ್ಡವರ ಜೊತೆ, ನೀರಿನಿಂದ ದೂರದ ಎತ್ತರದ ಜಾಗದಲ್ಲಿ ನಿಂತು ಹನ್ನೊಂದು ಅಲೆಗಳು ಒಡೆಯುವ ಸಮಯ ಅಳೆದು ಹತ್ತರಿಂದ ಭಾಗಿಸಿ. ಆವರ್ತಕಾಲ ಎಷ್ಟು ಬಂತು? ಅದರಿಂದ ನಡುಗಡಲಿನ ತರಂಗದೂರ ಕಂಡುಹಿಡಿಯಿರಿ. ಹತ್ತರಿಂದ ಭಾಗಿಸಲು ಹನ್ನೊಂದು ಅಲೆ ಯಾಕೆ ಬೇಕಾಯಿತು?

3. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ತೋಡಿನ ನೀರು ರಸ್ತೆ ದಾಟುತ್ತಿದೆ. ಇದು ಮಳೆಯ ನೀರು, ಸಾಂದ್ರತೆ 1000 ಎಂದಿಟ್ಟುಕೊಳ್ಳಿ. ಈ ಒತ್ತಡಕ್ಕೆ ಸಮನಾಗಿ ಗಾಳಿ ಗಂಟೆಗೆ ಎಷ್ಟು ಕಿ.ಮೀ. ವೇಗದಲ್ಲಿ ಬೀಸಬೇಕು? ಉತ್ತರ ಸಿಕ್ಕಿದ ಮೇಲೆ, ಬೈಕಿನಲ್ಲಿ ಅದನ್ನು ದಾಟಲು ಹೊರಟ ಮಾವನಿಗೋ ಅಣ್ಣನಿಗೋ ಅವರ ಮಾತಿನಲ್ಲೇ ಹೇಗೆ ಹೇಳುತ್ತೀರಿ ಎಂದು ಎರಡು ವಾಕ್ಯದಲ್ಲಿ ಬರೆದು ತನ್ನಿ.